ಮನೆಯ ಮಗ್ಗುಲಿನ ಮರ: ಕಡಿಸುವ ವೆಚ್ಚ, ಕಾಪಾಡುವ ವೆಚ್ಚ

ಪುಷ್ಯ ಮಾಸದಲ್ಲಿ ನಂದಿಬೆಟ್ಟದಿಂದಿಳಿದ ಮಂಜು ದೇವನಹಳ್ಳಿ, ದೊಡ್ಡಬಳ್ಳಾಪುರ ಸೀಮೆಯ ಹೊಲಗಳ ಮೇಲೆ ಹೊತ್ತೇರುವವರೆಗೂ ನಿಂತಿರುವುದುಂಟು. ರಾಗಿಯ ಒಕ್ಕಣೆ ಮುಗಿದು, ಹುಲ್ಲು ಬಣವೆಯಾಗಿ, ಯಜಮಾನನಿಗೂ ಆಳುಗಳಿಗೂ ಸ್ವಲ್ಪ ಬಿಡುವು ದೊರೆಯುವ ಕಾಲವಿದು. ಹಿತ್ತಿಲ ಹುಣಸೆಯ ಮರವು ಮನೆಯ ಹೆಂಚಿನ ಮೇಲೆ ಎಷ್ಟು ಬಾಗಿದೆ, ಕಣದ ಅಂಚಿನ ಹೊಂಗೆಯಲ್ಲಿ ಒಣಗಿದ ಕೊಂಬೆಗಳು ಎಷ್ಟಿವೆ, ವಿದ್ಯುತ್ ತಂತಿಗೂ ತೆಂಗಿನ ಗರಿಗೂ ನಡುವೆ ಎಷ್ಟು ಅಂತರ ಉಳಿದಿದೆ ಎಂದು ತಲೆಯೆತ್ತಿ ನೋಡಲು ಪುರುಸೊತ್ತಾಗುವುದು ಆಗಲೇ. ನೋಡಿದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಬಗೆಯದು. ಈ ಮರವನ್ನು ತೆಗೆಸಿಬಿಡುವುದೇ, ಇಟ್ಟುಕೊಳ್ಳುವುದೇ? ತೆಗೆಸಿದರೆ ಎಷ್ಟು ತಗಲೀತು?

ಹಿಂದಿನ ಕಾಲದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಮರದ ವ್ಯಾಪಾರಿಯು ತಾನೇ ಮನೆಬಾಗಿಲಿಗೆ ಬಂದು, ಮರವನ್ನು ಎರಡು ಸುತ್ತು ಸುತ್ತಿ ನೋಡಿ, ಇಷ್ಟು ರೂಪಾಯಿ ಕೊಡುವೆನೆಂದು ಹೇಳುತ್ತಿದ್ದನು. ಮರವು ಒಡೆಯನಿಗೆ ಹಣ ತರುವ ಸೊತ್ತಾಗಿದ್ದಿತೇ ಹೊರತು ಹಣ ತಿನ್ನುವ ಸೊತ್ತಾಗಿರಲಿಲ್ಲ. ಈಗ ಅನೇಕ ಗ್ರಾಮಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಹೊಲದ ನಡುವಣ ಮರಕ್ಕೆ ವ್ಯಾಪಾರಿಯು ಇಂದಿಗೂ ಹಣ ಕೊಡುತ್ತಾನೆ. ಮನೆಯ ಮಗ್ಗುಲಿನ ಮರಕ್ಕಾದರೆ ಒಡೆಯನೇ ಅವನಿಗೆ ಹಣ ಕೊಡಬೇಕಾಗಿ ಬಂದಿದೆ. ಇದಕ್ಕೆ ಕಾರಣಗಳು ಗೂಢವಾದುವಲ್ಲ. ಅಡಿಗೆಯ ಅನಿಲದ ಸಿಲಿಂಡರು ಮನೆಮನೆಗೂ ಬಂದ ಮೇಲೆ ಸೌದೆಗೆ ಹಿಂದಿದ್ದ ಗಿರಾಕಿ ತಪ್ಪಿತು. ಹಿತ್ತಿಲುಗಳು ಕಿರಿದಾದುವು, ಹುಲ್ಲಿನ ಸೂರು ಇದ್ದೆಡೆ ತಾರಸಿಯೂ, ತಾರಸಿಯ ಮೇಲೆ ನೀರಿನ ತೊಟ್ಟಿಯೂ, ಅದರ ಪಕ್ಕದಲ್ಲಿ ಸೂರ್ಯನ ಶಾಖದಿಂದ ನೀರು ಕಾಯಿಸುವ ಗಾಜಿನ ಕೊಳವೆಗಳೂ ಬಂದುವು. ಮರವನ್ನು ಬುಡದಲ್ಲಿ ಕಡಿದು ಒಂದು ಮಗ್ಗುಲಿಗೆ ಕೆಡವಲು ಜಾಗವೇ ಇಲ್ಲದಂತಾಯಿತು. ಮೇಲೆ ಹತ್ತಿ, ತುಂಡು ತುಂಡಾಗಿ ಕೊಯ್ದು, ಹಗ್ಗದಲ್ಲಿ ಇಳಿಸಬಲ್ಲ ಆಳುಗಳಾದರೋ ಊರಿಗೊಬ್ಬರೂ ದೊರೆಯುವುದು ಕಷ್ಟ. ಮರದ ಬೆಲೆಗಿಂತ ಮರ ನಿಂತ ಸ್ಥಳದ ಬೆಲೆ ಹೆಚ್ಚಾಯಿತೆನ್ನಬೇಕು.

ಚಳಿಯ ದೇಶಗಳಲ್ಲಿ ಈ ಸ್ಥಿತಿಯು ಬಹುಕಾಲದಿಂದ ರೂಢಿಯಲ್ಲಿದೆ. ಕೆನಡಾ, ಉತ್ತರ ಅಮೆರಿಕಾ ಮೊದಲಾದ ಕಡೆಗಳಲ್ಲಿ ಗೃಹಸ್ಥನು ಅಂಗಳದ ಮರವನ್ನು ತೆಗೆಸುವುದಕ್ಕೆ ಹಣ ತೆರುವುದು ಸಹಜ. ಅದರಿಂದ ಹಣ ಬರುವುದೆಂದು ಅವನು ಎಣಿಸುವುದೇ ಇಲ್ಲ. ಅಲ್ಲಿಯ ಮರಗಳಿಗೆ ಗಾಳಿಯೊಂದೇ ಶತ್ರುವಲ್ಲ. ಮಳೆಯು ಕೊಂಬೆಗಳ ಮೇಲೆಯೇ ಹೆಪ್ಪುಗಟ್ಟಿ ಭಾರವಾಗಿ, ಆ ಭಾರಕ್ಕೆ ಮರಗಳು ಸೀಳಿ ಬೀಳುವುದುಂಟು. 1998ನೆಯ ಇಸವಿಯ ಜನವರಿ ತಿಂಗಳಲ್ಲಿ ಕೆನಡಾ ದೇಶದ ಕ್ವಿಬೆಕ್, ಒಂಟೇರಿಯೋ ಪ್ರಾಂತಗಳಲ್ಲಿ ಇಂತಹ ಹಿಮಗಡ್ಡೆಯ ಮಳೆಯು ದಿನಗಟ್ಟಲೆ ಸುರಿದು ಲಕ್ಷಾಂತರ ಮರಗಳು ಮುರಿದುವು. ಅಲ್ಲಿಯ ಜನರಿಂದ ಇಲ್ಲಿಯ ಜಮೀನುದಾರರು ತಿಳಿಯತಕ್ಕ ಸಂಗತಿಗಳು ಎರಡುಂಟು. ಮೊದಲನೆಯದಾಗಿ, ಅಲ್ಲಿ ಮರವನ್ನು ಉರುಳಿಸುವುದಕ್ಕೆ ಒಂದು ದರ, ಬೊಡ್ಡೆಯನ್ನು ತೆಗೆಯುವುದಕ್ಕೆ ಇನ್ನೊಂದು, ಕೊಂಬೆ ಸೊಪ್ಪುಗಳನ್ನು ಸಾಗಿಸುವುದಕ್ಕೆ ಮತ್ತೊಂದು ಎಂದು ಬಾಬುಗಳನ್ನು ಬೇರೆಬೇರೆಯಾಗಿ ಬರೆಯುತ್ತಾರೆ. ಇಲ್ಲಿ ಎಲ್ಲವನ್ನೂ ಒಂದೇ ಬಾಯಿಮಾತಿನಲ್ಲಿ ಮುಗಿಸುವುದರಿಂದ, ಮರ ಬಿದ್ದ ಮಾರನೆಯ ದಿನ ಬೊಡ್ಡೆಯೂ ರೆಂಬೆಗಳ ರಾಶಿಯೂ ಅಂಗಳದಲ್ಲೇ ಉಳಿದು ಜಗಳಕ್ಕೆ ಕಾರಣವಾಗುವುವು. ಎರಡನೆಯದಾಗಿ, ಸತ್ತ ಮರವನ್ನು ನಿಲ್ಲಿಸಿಕೊಂಡಷ್ಟೂ ಅದನ್ನು ತೆಗೆಸುವ ದರವು ಏರುತ್ತದೆಂಬುದನ್ನು ಅವರು ಬೆಲೆ ತೆತ್ತು ಕಲಿತಿದ್ದಾರೆ. 2002ರಲ್ಲಿ ಅಮೆರಿಕಾದ ಡೆಟ್ರಾಯಿಟ್ ನಗರದ ಬಳಿ ಏಷ್ಯಾ ಖಂಡದಿಂದ ಬಂದ ಒಂದು ಹಸುರು ದುಂಬಿಯು ಕಂಡುಬಂದಿತು. ಅದರ ಮರಿಹುಳುಗಳು ಆಷ್ ಎಂಬ ಜಾತಿಯ ಮರದ ತೊಗಟೆಯ ಕೆಳಗೆ ಕೊರೆದು, ಅಲ್ಲಿಂದೀಚೆಗೆ ಕೋಟ್ಯಂತರ ಮರಗಳನ್ನು ಕೊಂದಿವೆ. ಸತ್ತ ಆಷ್ ಮರವು ಬೇಗನೆ ಪೆಡಸಾಗಿ ಮುರಿಯುವುದರಿಂದ ಹತ್ತುವವರು ಅದನ್ನು ಹತ್ತಲೊಪ್ಪರು. ಭಾರ ಎತ್ತುವ ಯಂತ್ರವನ್ನು ತರಿಸಬೇಕಾಗಿ ಖರ್ಚು ಹೆಚ್ಚುವುದು. ನಮ್ಮ ಕಡೆಯ ಒಣಗಿದ ಸಿಲ್ವರ್ ಓಕ್, ಸರ್ವೆ ಮರಗಳಿಗೂ ಈ ಮಾತು ಸಲ್ಲುವುದು.

ಆದರೆ ಬೆಂಗಳೂರು ಸುತ್ತಣ ಪ್ರಸ್ಥಭೂಮಿಯಲ್ಲಿ ಚಳಿಯು ಮರಗಳನ್ನು ಮುರಿಯುವುದಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯು 1884ನೆಯ ಜನವರಿ 13ರಂದು ಕಂಡ 7.8 ಡಿಗ್ರಿ ಸೆಂಟಿಗ್ರೇಡು ಮಾತ್ರ. ಇಲ್ಲಿ ಮರಗಳನ್ನು ಕೆಡಹುವುದು ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಮುಂದೆ ಓಡಿ ಬರುವ ಬಿರುಗಾಳಿ. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದ ಬಿಸಿಲಿನ ಬಳಿಕ ಒಂದು ಗಳಿಗೆಯೊಳಗೆ ಎದ್ದು ಬೀಸುವ ಈ ಗಾಳಿಯು, ಹೊಸ ಚಿಗುರಿನಿಂದ ಭಾರವಾದ ತಲೆಯುಳ್ಳ ಮರಗಳನ್ನು ಹಿಡಿದು ಅಲ್ಲಾಡಿಸುವುದು. ಆದಕಾರಣ ಈ ಸೀಮೆಯವರಿಗೆ ಚಳಿಗಾಲವು ಮರದ ಅಪಾಯಕಾಲವಲ್ಲ. ಮರದ ಕೆಲಸ ಮಾಡಿಸತಕ್ಕ ಕಾಲ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ನೆಲವು ಒಣಗಿದ್ದು ಟ್ರ್ಯಾಕ್ಟರು ಹೂತುಕೊಳ್ಳದು, ತೊಗಟೆಯು ಒದ್ದೆಯಾಗಿ ಆಳಿನ ಕಾಲು ಜಾರದು, ಅನೇಕ ಮರಗಳಲ್ಲಿ ಎಲೆಯೂ ತೆಳುವಾಗಿರುವುದರಿಂದ ಒಣ ಕೊಂಬೆ ಯಾವುದು, ಸೀಳು ಎಲ್ಲಿ ಎಂಬುದು ನೆಲದಿಂದಲೇ ಕಾಣುವುದು. ಗಾಳಿಯಲ್ಲಿ ಮರ ವಾಲಿದ ಮೇಲೆ ಆಳನ್ನು ಹುಡುಕಹೋದರೆ, ಅದೇ ದಿನ ಅವನನ್ನು ಹತ್ತು ಮನೆಯವರು ಹುಡುಕುತ್ತಿರುವರು. ಅವನು ಹೇಳಿದ್ದೇ ದರವಾಗುವುದು.

ವೆಚ್ಚವನ್ನು ಲೆಕ್ಕ ಹಾಕುವ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಸುವುದು ಸುಲಭ. ನೆಲಮಂಗಲದ ಕಡೆ ಒಂದೇ ಗಾತ್ರದ ಎರಡು ಹುಣಸೆಯ ಮರಗಳು ಇವೆಯೆಂದು ಭಾವಿಸೋಣ. ಒಂದು ಹೊಲದ ನಡುವೆ, ಇನ್ನೊಂದು ಹೆಂಚಿನ ಮನೆಗೆ ಆರೇಳು ಅಡಿಯಷ್ಟು ದೂರದಲ್ಲಿ. ಎರಡಕ್ಕೂ ಎದೆಯ ಮಟ್ಟದಲ್ಲಿ ಸುತ್ತಳತೆ 8 ಅಡಿ, ಕವಲೊಡೆಯುವವರೆಗೆ ನೇರವಾದ ಕಾಂಡದ ಉದ್ದ 8 ಅಡಿ. ನಾಟಾ ವ್ಯಾಪಾರದಲ್ಲಿ ಬಳಕೆಯಲ್ಲಿರುವ ಕಾಲುಸುತ್ತಿನ ಲೆಕ್ಕದಂತೆ, ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಬೇಕು. 8ರ ಕಾಲುಭಾಗ 2; ಎರಡೆರಡಲ ನಾಲ್ಕು; ನಾಲ್ಕೆಂಟಲ 32 ಘನ ಅಡಿ. ಈ ಲೆಕ್ಕವನ್ನು ತಾನೇ ಹಾಕಬಲ್ಲ ಒಡೆಯನಿಗೆ ವ್ಯಾಪಾರಿಯ ಟೇಪು ಎಲ್ಲಿ ಸಡಿಲವಾಯಿತು, ಎಲ್ಲಿ ಬಿಗಿಯಾಯಿತು ಎಂಬುದು ತಿಳಿಯುವುದು. ಕಾಲುಸುತ್ತಿನ ಲೆಕ್ಕವು ದುಂಡುಮರದ ನಿಜವಾದ ಗಾತ್ರಕ್ಕಿಂತ ಐದನೆಯ ಒಂದು ಭಾಗಕ್ಕೂ ಮಿಗಿಲಾಗಿ ಕಡಿಮೆ ತೋರಿಸುತ್ತದೆಂಬುದನ್ನೂ ಇಲ್ಲಿ ಹೇಳಬೇಕು. ಅದು ಕೊಯ್ಯುವಾಗ ಹೋಗುವ ಪಕ್ಕೆ ಹಲಗೆಗಳಿಗೆಂದು ಬಿಟ್ಟ ಸೋಡಿ. ಇದರ ಮೇಲೆ ಮತ್ತೂ ಸೋಡಿ ಕೇಳುವ ವ್ಯಾಪಾರಿಗೆ ಒಪ್ಪಬೇಕಾಗಿಲ್ಲ.

ದರಗಳು ಊರಿಂದ ಊರಿಗೆ ಬೇರೆಯಾಗುವುದರಿಂದ, ಲೆಕ್ಕದ ಸೌಕರ್ಯಕ್ಕಾಗಿ ಮಾತ್ರ ಮರದ ಕೆಲಸದ ಆಳಿಗೆ ದಿನಕ್ಕೆ 1,000 ರೂಪಾಯಿ, ಕಾಂಡಕ್ಕೆ ಘನ ಅಡಿಗೆ 150 ರೂಪಾಯಿ, ಕೊಂಬೆಗಳ ಸೌದೆಗೆ ಒಟ್ಟು 4,000 ರೂಪಾಯಿ ಎಂದಿಟ್ಟುಕೊಳ್ಳಬಹುದು. (ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025-26ನೆಯ ಸಾಲಿಗೆ ನಿಗದಿಯಾಗಿದ್ದ ದಿನಗೂಲಿಯು 370 ರೂಪಾಯಿ. ಮಣ್ಣಿನ ಕೆಲಸದ ಆ ದರಕ್ಕೆ ಪ್ರಾಣವನ್ನು ಹಗ್ಗಕ್ಕೆ ಕಟ್ಟಿ ಕೊಂಬೆಯೇರುವವರು ದೊರೆಯುವುದಿಲ್ಲವೆಂಬುದು ನ್ಯಾಯವೇ ಆಗಿದೆ.) ಎರಡು ಮರಗಳಿಂದಲೂ ಬರತಕ್ಕ ಮೊಬಲಗು ಕಾಂಡಕ್ಕೆ 4,800, ಸೌದೆಗೆ 4,000, ಒಟ್ಟು 8,800 ರೂಪಾಯಿ. ಹೊಲದ ಮರವನ್ನು ಯಂತ್ರದ ಗರಗಸದಿಂದ ಬುಡದಲ್ಲಿ ಕೊಯ್ದು ಕೆಡವಿ ತುಂಡು ಮಾಡಲು ನಾಲ್ಕು ಆಳು ಒಂದು ದಿನ ಸಾಕು. 4,000 ಕಳೆದು 4,800 ರೂಪಾಯಿ ಉಳಿಯುವುದು. ಮನೆಯ ಬಳಿಯ ಮರಕ್ಕೆ ಮೇಲೆ ಇಬ್ಬರು, ಹಗ್ಗ ಹಿಡಿಯಲು ಒಬ್ಬ, ಕೆಳಗೆ ಮೂವರು, ಹೀಗೆ ಆರು ಆಳು ಮೂರು ದಿನ ಹಿಡಿದರೆ 18,000 ರೂಪಾಯಿ. ಬಂದುದೆಲ್ಲವನ್ನೂ ಕಳೆದರೂ 9,200 ರೂಪಾಯಿಗಳು ಕೈಯಿಂದ ಹೋಗುವುವು. ಗರಗಸದ ಬಾಡಿಗೆ, ಟ್ರ್ಯಾಕ್ಟರು, ಒಡೆದ ಹೆಂಚು, ಬೊಡ್ಡೆ ಕೀಳಿಸುವ ಕೆಲಸ ಇವು ಯಾವುವೂ ಈ ಲೆಕ್ಕದಲ್ಲಿ ಸೇರಿಲ್ಲ. ಮರವೂ ಒಂದೇ, ಗಾತ್ರವೂ ಒಂದೇ. ಒಂದರಿಂದ ಲಾಭ, ಇನ್ನೊಂದರಿಂದ ನಷ್ಟ.

ಇಷ್ಟೊಂದು ಆಳು ಏತಕ್ಕೆಂದು ಕೆಲವರು ಕೇಳುವರು. ಒಂದು ಅಡಿ ದಪ್ಪ, ಹತ್ತು ಅಡಿ ಉದ್ದದ ಹಸಿ ಕೊಂಬೆಯು ಸುಮಾರು ಎಂಟು ಘನ ಅಡಿಯಷ್ಟಾಗಿ, ಹುಣಸೆಯಂತಹ ಗಟ್ಟಿ ಮರದಲ್ಲಿ ಎರಡು ಕ್ವಿಂಟಲಿಗೂ ಮೇಲೆ ತೂಗುವುದು. ಹಗ್ಗವಿಲ್ಲದೆ ಅದನ್ನು ಕೊಯ್ದು ಬಿಟ್ಟರೆ ಹೆಂಚಿನ ಮಾಡನ್ನೂ ತೊಲೆಯನ್ನೂ ಕೂಡಿ ಒಳಕ್ಕೆ ತರಬಲ್ಲದು. ಅಗ್ಗದ ದರಕ್ಕೆ ಒಪ್ಪಿ ಇಬ್ಬರೇ ಬಂದು, ಸೊಂಟಕ್ಕೆ ಪಟ್ಟಿಯಿಲ್ಲದೆ ಒಂದು ಕೈಯಲ್ಲಿ ಕೊಂಬೆ, ಇನ್ನೊಂದರಲ್ಲಿ ಯಂತ್ರ ಹಿಡಿದು ಏರುವವರನ್ನು ಗ್ರಾಮದ ಮುಖಂಡರು ತಡೆಯತಕ್ಕದ್ದು. ಉಳಿದ ಎರಡು ಸಾವಿರ ರೂಪಾಯಿಯು ಆಳಿನ ಬೆನ್ನೆಲುಬು ಮುರಿದ ದಿನ ಯಾವ ಲೆಕ್ಕಕ್ಕೂ ಬಾರದು. ತೆಂಗಿನ ಮರ ಹತ್ತುವವರಿಗಾದರೆ ತೆಂಗು ಅಭಿವೃದ್ಧಿ ಮಂಡಳಿಯವರು ಕೇರ ಸುರಕ್ಷಾ ಎಂಬ ಅಪಘಾತ ವಿಮೆಯನ್ನು ಏರ್ಪಡಿಸಿರುವರು. ವಿಮೆಯುಳ್ಳವನನ್ನೇ ಕರೆಸುವುದು ಒಡೆಯನಿಗೂ ಕ್ಷೇಮ. ತಂತಿಯ ಸಮೀಪದ ಕೊಂಬೆಯನ್ನಂತೂ ಬೆಸ್ಕಾಂ ಕಚೇರಿಗೆ ತಿಳಿಸಿ, ಲೈನ್‌ಮನ್ ಬಂದು ವಿದ್ಯುತ್ತು ನಿಲ್ಲಿಸಿದ ಹೊರತು ಮುಟ್ಟಕೂಡದು. 1912 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ದೂರು ದಾಖಲಾಗುವುದು. ಹಸಿ ಕೊಂಬೆಯು ವಿದ್ಯುತ್ತನ್ನು ಒಯ್ಯುವುದು. ಒಣ ಬಿದಿರಿನ ಗಳುವೂ ಇಬ್ಬನಿಯಲ್ಲಿ ನೆನೆದಿದ್ದರೆ ಒಯ್ಯುವುದು.

ಕೊಡಲಿಯೆತ್ತುವ ಮೊದಲು ಕಾಯಿದೆಯ ಸಂಗತಿಯನ್ನು ತಿಳಿದಿರುವುದು ಅವಶ್ಯಕ. 1976ನೆಯ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ತೆಂಗು ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಹುಣಸೆ, ಹೊಂಗೆ, ಬೇವು ಮುಂತಾದುವುಗಳಿಗೆ ಅರ್ಜಿ ಕೊಡಬೇಕು. ಮರವು ಸತ್ತಿದ್ದರೆ, ರೋಗಪೀಡಿತವಾಗಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕಾಗಲೀ ಸೊತ್ತಿಗಾಗಲೀ ಅಪಾಯ ತರುವಂತಿದ್ದರೆ ಅನುಮತಿಗೆ ಅದು ಸಾಕಾದ ಕಾರಣವಾಗುವುದು. ಗ್ರಾಮಾಂತರದಲ್ಲಿ ನೇಗಿಲು ನೊಗಗಳಿಗೆ, ಮನೆಯ ಸ್ವಂತ ಉಪಯೋಗಕ್ಕೆ ಬೇಕಾದ ಮರಕ್ಕೂ ಅವಕಾಶವಿದೆ. ಕಡಿದ ಮರದ ಬದಲಿಗೆ ಗಿಡ ನೆಡಬೇಕೆಂಬ ಷರತ್ತು ಬರುವುದರಿಂದ ಗುಂಡಿಯನ್ನೂ ಸಸಿಯನ್ನೂ ಮೊದಲೇ ಯೋಚಿಸಿರಬೇಕು. ಕಡಿಯಲು ಅನುಮತಿಯಿದ್ದ ಮಾತ್ರಕ್ಕೆ ಸಾಗಿಸಲು ಅನುಮತಿಯಾಯಿತೆಂದಲ್ಲ. ನಾಟಾವನ್ನು ಗ್ರಾಮದ ಹೊರಕ್ಕೆ ಒಯ್ಯಲು ಅರಣ್ಯ ಇಲಾಖೆಯ ರಹದಾರಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿಯೇ ಗಾಡಿ ತುಂಬಿಸತಕ್ಕದ್ದು. “ಕಾಗದವೆಲ್ಲ ನಾನು ನೋಡಿಕೊಳ್ಳುವೆನು” ಎಂದು ವ್ಯಾಪಾರಿ ಹೇಳುವ ಮಾತಿನಿಂದ ಒಡೆಯನ ಹೊಣೆ ತಪ್ಪುವುದಿಲ್ಲ.

ಶ್ರೀಗಂಧದ ವಿಷಯ ಬೇರೆ. ಸ್ವಂತ ಜಮೀನಿನಲ್ಲಿ ಬೆಳೆದ ಗಂಧವೂ ಸರಕಾರದ್ದೆಂಬ ಹಳೆಯ ನಿಯಮವು 2001ರಲ್ಲಿ ತಿದ್ದುಪಡಿಯಾಗಿ ಒಡೆತನವು ಜಮೀನುದಾರನಿಗೆ ಬಂದಿರುವುದಾದರೂ, ಅದನ್ನು ಕಡಿಯುವುದೂ ಮಾರುವುದೂ ನಿಯಮಗಳಿಗೆ ಒಳಪಟ್ಟು ಕ್ರಮಬದ್ಧವಾಗಿ ನಡೆಯಬೇಕು. ಗುಂಡುತೋಪು, ಕೆರೆಯ ಏರಿ, ರಸ್ತೆಯ ಮಗ್ಗುಲು, ಅಶ್ವತ್ಥಕಟ್ಟೆ ಇವುಗಳ ಮರವು ಯಾರ ಮನೆಯ ಮೇಲೆ ಬಾಗಿದ್ದರೂ ಆ ಮನೆಯವನದಲ್ಲ. ಅವನು ಪಂಚಾಯಿತಿಗೂ ಅರಣ್ಯ ಕಚೇರಿಗೂ ಬರೆಹದಲ್ಲಿ ತಿಳಿಸಿ, ಆ ಬರೆಹದ ನಕಲನ್ನು ತನ್ನಲ್ಲಿ ಇಟ್ಟುಕೊಳ್ಳತಕ್ಕದ್ದು. ಬದುವಿನ ಮೇಲಿನ ಮರಕ್ಕೆ ಎರಡು ಕಡೆಯವರ ಒಪ್ಪಿಗೆಯನ್ನೂ ಬರೆಸಿಕೊಳ್ಳುವುದು ವಿವೇಕ. ಒಂದು ಬೇವಿನ ಮರಕ್ಕಾಗಿ ದಾಯಾದಿಗಳು ನ್ಯಾಯಾಲಯ ಹತ್ತಿದರೆ ಆ ಮರದ ಬೆಲೆಯು ವಕೀಲರ ಮೊದಲನೆಯ ತಿಂಗಳ ಫೀಜಿಗೂ ಸಾಲದು.

ಮನೆಯ ಬಳಿಯ ಮರಗಳಿಂದ ಸ್ವಲ್ಪ ದೂರ ಹೋಗಿ, ಊರಂಚಿನ ನೀಲಗಿರಿಯ ಮಾತನ್ನೂ ಇಲ್ಲಿ ಎತ್ತಬೇಕಾಗಿದೆ. ಏಕೆಂದರೆ ಕಡಿಸುವುದಕ್ಕಿಂತ ಬೊಡ್ಡೆ ಕೀಳಿಸುವುದೇ ಹೆಚ್ಚಿನ ವೆಚ್ಚವೆಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ತಿಳಿಯುವುದು. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂದ ಈ ಮರವು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ರಾಗಿಯ ಹೊಲಗಳನ್ನು ಆವರಿಸಿತು. 2017ರಲ್ಲಿ ಸರಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂದಿನಿಂದ ಅನೇಕ ಜಮೀನುದಾರರು ಹೊಲವನ್ನು ಮರಳಿ ಉಳುಮೆಗೆ ತರಲು ಬಯಸುತ್ತಿದ್ದಾರೆ. ಎರಡು ಮೀಟರು ಅಂತರದಲ್ಲಿ ನೆಟ್ಟಿದ್ದರೆ ಎಕರೆಗೆ ಸುಮಾರು ಸಾವಿರ ಬೊಡ್ಡೆಗಳಿರುತ್ತವೆ. ಮಣ್ಣು ತೋಡುವ ಯಂತ್ರವು ಒಂದು ಬೊಡ್ಡೆಗೆ ಐದು ನಿಮಿಷ ಹಿಡಿದರೂ ಎಕರೆಗೆ 83 ಗಂಟೆ ಬೇಕು. ಗಂಟೆಗೆ 1,200 ರೂಪಾಯಿ ಬಾಡಿಗೆಯೆಂದರೆ ಲಕ್ಷ ರೂಪಾಯಿ. ಇಟ್ಟಿಗೆ ಗೂಡುಗಳ ಸಮೀಪದಲ್ಲಿ ಬೊಡ್ಡೆಯನ್ನೇ ಕೂಲಿಯಾಗಿ ತೆಗೆದುಕೊಂಡು ಕಿತ್ತುಕೊಡುವ ಗುತ್ತಿಗೆದಾರರು ದೊರೆಯುವುದುಂಟು. ಅಂತಹವರು ದೊರೆತರೆ ಗುಂಡಿಗಳನ್ನು ಮುಚ್ಚಿ ಮಟ್ಟ ಮಾಡಿಕೊಡುವ ಮಾತನ್ನೂ ಕರಾರಿನಲ್ಲಿ ಸೇರಿಸಬೇಕು. ದೊರೆಯದಿದ್ದಲ್ಲಿ, ಮರವನ್ನು ನೆಲದ ಮಟ್ಟಕ್ಕೆ ಕೊಯ್ದು, ಬೊಡ್ಡೆಯ ಮೇಲೆ ಮಣ್ಣೇರಿಸಿ, ಒಡೆದ ಚಿಗುರುಗಳನ್ನು ಎಳೆಯದಾಗಿರುವಾಗಲೇ ತಿಂಗಳು ತಿಂಗಳೂ ಮುರಿಯುತ್ತ ಬಂದರೆ ಬೇರಿನ ಶಕ್ತಿ ಕುಂದುವುದು. ಇದಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಇನ್ನು ಕಾಪಾಡುವ ವೆಚ್ಚ. ಮೇಲೆ ಹೇಳಿದ ಮನೆಯ ಹುಣಸೆಯ ಮರವನ್ನೇ ತೆಗೆದುಕೊಂಡರೆ, ಮೂರು ವರ್ಷಕ್ಕೊಮ್ಮೆ ಬಲ್ಲ ಆಳುಗಳಿಬ್ಬರಿಂದ ಒಂದು ದಿನ ಒಣ ಕೊಂಬೆಗಳನ್ನೂ ಮಾಡಿನ ಮೇಲೆ ಬಾಗಿದ ರೆಂಬೆಗಳನ್ನೂ ಸವರಿಸಿ, ಸೊಪ್ಪು ಸಾಗಿಸುವುದಕ್ಕೆ ಅದೇ ದರಗಳಂತೆ 3,000 ರೂಪಾಯಿಯಾದೀತು. ವರ್ಷಕ್ಕೆ 1,000 ಬಿದ್ದಂತಾಯಿತು. ಒಂದು ಸಲ ಕಡಿಸುವ ಕೂಲಿಯ ಹಣದಲ್ಲಿ ಹದಿನೆಂಟು ವರ್ಷ ಮರವನ್ನು ನೋಡಿಕೊಳ್ಳಬಹುದು. ಚೆನ್ನಾಗಿ ಬೆಳೆದ ಹುಣಸೆಯು ಒಳ್ಳೆಯ ವರ್ಷದಲ್ಲಿ 150ರಿಂದ 200 ಕಿಲೋಗ್ರಾಂ ಹಣ್ಣು ಕೊಡುವುದರಿಂದ, ಸವರುವ ಖರ್ಚನ್ನು ಮರವೇ ತೀರಿಸುವುದು. ನೆರಳಿಗೆ ದರವಿಲ್ಲ, ಏಪ್ರಿಲ್ ತಿಂಗಳಲ್ಲಿ ದನ ಕಟ್ಟುವವನಿಗೆ ಅದು ಗೊತ್ತು.

ಆದರೆ ಸವರುವುದೆಂದರೆ ತಲೆ ಬೋಳಿಸುವುದಲ್ಲ. ಈ ತಾಲ್ಲೂಕುಗಳಲ್ಲಿ ಅತಿ ಸಾಮಾನ್ಯವಾಗಿ ಕಾಣಬರುವ ತಪ್ಪು ಇದೇ. ಗಾಳಿಗೆ ಬೀಳದಿರಲೆಂದು ಮರದ ಮೇಲುಭಾಗವನ್ನೆಲ್ಲ ಒಂದೇ ಮಟ್ಟಕ್ಕೆ ಮೊಟಕಿಸುವರು. ಆ ದಪ್ಪ ಗಾಯಗಳು ಮುಚ್ಚಿಕೊಳ್ಳಲಾರದೆ ಒಳಕ್ಕೆ ಕೊಳೆಯುತ್ತವೆ. ಅಂಚಿನಲ್ಲಿ ಒತ್ತಾಗಿ ಏಳುವ ಚಿಗುರುಗಳು ಎರಡು ಮೂರು ವರ್ಷದೊಳಗೆ ಕೊಂಬೆಗಳಂತೆ ಬೆಳೆದರೂ ತೊಗಟೆಯ ಹತ್ತಿರ ಮಾತ್ರ ಅಂಟಿಕೊಂಡಿರುವುದರಿಂದ ಮೊದಲನೆಯ ಬಿರುಗಾಳಿಗೇ ಕಿತ್ತು ಬರುವುವು. ಅಪಾಯವನ್ನು ತಪ್ಪಿಸಲು ಕೊಟ್ಟ ಹಣವು ಅಪಾಯವನ್ನೇ ಕೊಂಡು ತಂದಂತಾಗುವುದು. ದಪ್ಪ ಕೊಂಬೆಯನ್ನು ತೆಗೆಯಲೇಬೇಕಾದಲ್ಲಿ ಮೂರು ಕೊಯ್ತಗಳಿಂದ ತೆಗೆಯಬೇಕು. ಮೊದಲು ಕಾಂಡದಿಂದ ಒಂದೂವರೆ ಗೇಣು ದೂರದಲ್ಲಿ ಕೊಂಬೆಯ ಅಡಿಯಿಂದ ಕಾಲುಭಾಗ ಕೊಯ್ಯುವುದು. ಅದಕ್ಕಿಂತ ನಾಲ್ಕು ಬೆರಳು ಆಚೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸುವುದು. ಬಳಿಕ ಉಳಿದ ಮೋಟನ್ನು ಕೊಂಬೆಯ ಬುಡದಲ್ಲಿ ಬಳೆಯಂತೆ ಉಬ್ಬಿರುವ ಕೊರಳಿನ ಹೊರಗೆ ನುಣ್ಣಗೆ ತೆಗೆಯುವುದು. ಮೊದಲನೆಯ ಕೊಯ್ತವಿಲ್ಲದಿದ್ದರೆ ಬೀಳುವ ಕೊಂಬೆಯು ಕಾಂಡದ ತೊಗಟೆಯನ್ನು ಮೊಳದುದ್ದ ಸುಲಿದುಕೊಂಡು ಹೋಗುವುದು. ಆ ಕೊರಳನ್ನು ಕಾಂಡಕ್ಕೆ ಸಮವಾಗಿ ಕೆತ್ತಕೂಡದು, ಮೋಟನ್ನೂ ಉದ್ದವಾಗಿ ಬಿಡಕೂಡದು. ಅಮೆರಿಕಾದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಷೈಗೋ ಎಂಬ ವಿದ್ವಾಂಸರು ಸಾವಿರಾರು ಮರಗಳನ್ನು ಉದ್ದುದ್ದವಾಗಿ ಸೀಳಿಸಿ ನೋಡಿ, ಮರವು ತನ್ನ ಗಾಯವನ್ನು ಪ್ರಾಣಿಗಳಂತೆ ಮಾಯಿಸಿಕೊಳ್ಳುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿದರು. ಆ ಗೋಡೆಯು ಏಳುವುದು ಈ ಕೊರಳಿನ ಬಳಿಯೇ. ಗಾಯಕ್ಕೆ ಟಾರು ಬಳಿಯುವ ನಮ್ಮ ಹಳೆಯ ರೂಢಿಯಿಂದ ಕೊಳೆಯು ನಿಲ್ಲುವುದಿಲ್ಲ. ಮಾವು ಹಲಸುಗಳಂತಹ ಹಣ್ಣಿನ ಮರಗಳಿಗೆ, ಮಳೆಯ ದಿನಗಳಲ್ಲಿ ಗಾಯವಾದರೆ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರು ನೀರು ಸೇರಿಸಿ ಮಾಡಿದ ಬೋರ್ಡೋ ಸರಿಯನ್ನು ಲೇಪಿಸುವುದು ಒಳ್ಳೆಯದು. ಡಾ. ಲೆಸ್ಲಿ ಕೋಲ್ಮನ್‌ರವರು 1910ರ ಸುಮಾರಿನಲ್ಲಿ ಅಡಿಕೆಯ ಕೊಳೆರೋಗದ ತಡೆಗಾಗಿ ಮೈಸೂರು ಸೀಮೆಯ ತೋಟಗಳಲ್ಲಿ ಪ್ರಚಾರಕ್ಕೆ ತಂದ ಬೋರ್ಡೋ ಮದ್ದಿನ ಗಟ್ಟಿ ರೂಪವೇ ಇದು.

ಯಾವ ಮರವನ್ನು ಉಳಿಸಬಹುದು, ಯಾವುದನ್ನು ಉಳಿಸಲಾಗದು ಎಂಬುದನ್ನು ಬುಡದಲ್ಲಿ ಕುಳಿತು ನೋಡಬೇಕು. ಕಾಂಡದ ಬುಡದಲ್ಲಾಗಲೀ ಬೇರಿನ ಮೇಲಾಗಲೀ ಮರದ ತಟ್ಟೆಯಂತಹ ಗಟ್ಟಿ ಅಣಬೆಯು ಎದ್ದಿದ್ದರೆ ಒಳಗೆ ಬೇರು ಕೊಳೆತಿದೆಯೆಂದು ಶಂಕಿಸತಕ್ಕದ್ದು. ತೆಂಗಿನ ಅಣಬೆ ರೋಗವನ್ನು ಬಲ್ಲವರಿಗೆ ಇದು ಹೊಸದಲ್ಲ. ವಾಲಿದ ಮರದ ಎದುರು ಮಗ್ಗುಲಿನ ನೆಲವು ಬಿರಿದು ಎದ್ದಿದ್ದರೆ ಆ ಮರವು ಈಗಾಗಲೇ ಬೀಳತೊಡಗಿದೆ. ಅಂತಹುದಕ್ಕೆ ದರದ ಚೌಕಾಶಿ ಮಾಡುತ್ತ ದಿನ ಕಳೆಯಬಾರದು. ತೊಗಟೆಯ ತೂತಿನಿಂದ ಹೊಟ್ಟು ಉದುರುತ್ತಿದ್ದರೆ ಕಾಂಡ ಕೊರೆಯುವ ಹುಳುವಿದೆ. ಬೇಗನೆ ನೋಡಿಕೊಂಡರೆ ಕಂಬಿಯಿಂದ ಹುಳುವನ್ನು ತೆಗೆದು ಮರವನ್ನು ಉಳಿಸಬಹುದು. ಪೊಟರೆಯೊಂದೇ ಇದ್ದರೆ ಮಾತ್ರ ಗಾಬರಿಪಡಬೇಕಾಗಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಯ ಹುಣಸೆಯ ತೋಪು ಇದ್ದು, 2007ರಲ್ಲಿ ಅದನ್ನು ಭಾರತದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅಲ್ಲಿಯ ಮುದಿ ಮರಗಳಲ್ಲಿ ಒಡಲು ಟೊಳ್ಳಾಗಿ, ಹೊರಗಿನ ಗೋಡೆ ಮಾತ್ರ ಉಳಿದಿದ್ದರೂ ಚಿಗುರಿ ನಿಂತಿರುವುವನ್ನು ಯಾರೂ ಹೋಗಿ ನೋಡಬಹುದು. ಟೊಳ್ಳಿನ ಸುತ್ತಣ ಗಟ್ಟಿ ಮರ ಎಷ್ಟು ದಪ್ಪವಿದೆ ಎಂಬುದು ಮುಖ್ಯ. ಕೊಡತಿಯಿಂದ ಸುತ್ತಲೂ ತಟ್ಟಿ ಕೇಳಿದರೆ ಅನುಭವಸ್ಥರು ಹೇಳಬಲ್ಲರು.

ಅನೇಕ ಮನೆಯವರು ಮರಕ್ಕೆ ತಾವೇ ರೋಗ ತರುತ್ತಾರೆ. ಬುಡದ ಸುತ್ತ ಸಿಮೆಂಟು ಹಾಸುವುದು, ಸುತ್ತುಗೋಡೆಯ ಪಾಯಕ್ಕೆಂದು ಒಂದು ಮಗ್ಗುಲಿನ ಬೇರುಗಳನ್ನೆಲ್ಲ ಕತ್ತರಿಸುವುದು, ಕಸಕ್ಕೆ ಬುಡದಲ್ಲಿಯೇ ಬೆಂಕಿ ಹಾಕುವುದು ಇವು ಮೂರೂ ಇಂದು ಖರ್ಚಿಲ್ಲದೆ ಆಗುವ ಕೆಲಸಗಳು. ಇವುಗಳ ಬಿಲ್ಲು ಐದಾರು ವರ್ಷಗಳ ನಂತರ ಬಿರುಗಾಳಿಯ ದಿನ ಬರುವುದು. ಗೋಡೆಯು ಬೇರಿನ ಮೇಲೆ ಬರಲೇಬೇಕಾದರೆ ಅಷ್ಟು ಜಾಗದಲ್ಲಿ ಪಾಯವನ್ನು ಬಿಟ್ಟು ಕಲ್ಲುಚಪ್ಪಡಿಯನ್ನು ಅಡ್ಡ ಹಾಸಿ ಕಟ್ಟಬಹುದು. ಗಾರೆಯವನಿಗೆ ಅರ್ಧ ದಿನದ ಕೆಲಸ ಹೆಚ್ಚಾದೀತು.

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಕಡೆಯವರಿಗೆ ಹಲಸಿನ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಅಲ್ಲಿಯ ಹಲಸಿನ ರುಚಿಯು ಹೆಸರಾದುದು. ಹಲಸಿನ ನಾಟಾಕ್ಕೂ ಒಳ್ಳೆಯ ಬೇಡಿಕೆಯುಂಟಾದುದರಿಂದ, ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದ ವರ್ಷ ವ್ಯಾಪಾರಿಯು ಸುಲಭವಾಗಿ ಮರವನ್ನು ಕೊಂಡುಬಿಡುವನು. ಬೀಜದಿಂದೆದ್ದ ಹಲಸು ಮರಕ್ಕೊಂದು ಗುಣವುಳ್ಳದ್ದು. ಒಳ್ಳೆಯ ತೊಳೆಯ ಮರವನ್ನು ಕಡಿದರೆ ಅದರ ಬೀಜ ಹಾಕಿ ಅದೇ ಹಣ್ಣನ್ನು ಮತ್ತೆ ಪಡೆಯುವ ನೆಚ್ಚಿಕೆಯಿಲ್ಲ. ಕಡಿಯುವುದು ಅನಿವಾರ್ಯವೇ ಆದರೆ, ಅದಕ್ಕೆ ಒಂದು ಮಳೆಗಾಲ ಮುಂಚೆ ಕಸಿಯ ಕಡ್ಡಿಗಳನ್ನು ತೆಗೆಯಿಸಿ ಗಿಡಗಳನ್ನು ಮಾಡಿಸಿಕೊಳ್ಳಬೇಕು. ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಕಸಿಯ ಕ್ರಮವನ್ನು ತಿಳಿಸಿಕೊಡುವರು.

ಮರ ತೆಗೆಯುವವನೊಡನೆ ಕರಾರನ್ನು ಒಂದು ಹಾಳೆಯ ಮೇಲಾದರೂ ಬರೆದು ಇಬ್ಬರೂ ರುಜು ಹಾಕುವುದು ಮೇಲು. ಯಾವ ಮರ, ಅದರ ಸುತ್ತಳತೆಯೆಷ್ಟು; ನೆಲಮಟ್ಟಕ್ಕೆ ಕೊಯ್ಯುವುದೋ, ಬೊಡ್ಡೆಯನ್ನೂ ತೆಗೆಯುವುದೋ; ಕಾಂಡ ಯಾರಿಗೆ, ಸೌದೆ ಯಾರಿಗೆ, ಸೊಪ್ಪು ಯಾರು ಸಾಗಿಸುವರು; ಹೆಂಚು, ಗೋಡೆ, ತಂತಿ ಕೆಟ್ಟರೆ ಯಾರು ತುಂಬಿಕೊಡುವರು; ಆಳಿಗೆ ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು; ಮುಂಗಡವೆಷ್ಟು, ಉಳಿದುದು ಎಂದು ಎಂಬಿಷ್ಟು ಅದರಲ್ಲಿರಬೇಕು. ಮುಂಗಡವು ಮೂರನೆಯ ಒಂದು ಭಾಗವನ್ನು ಮೀರದಿರಲಿ. ಅಂಗಳವು ಚೊಕ್ಕಟವಾಗುವವರೆಗೆ ಕೊನೆಯ ಕಂತನ್ನು ಕೊಡದಿರುವುದೂ ಕರಾರಿನಲ್ಲಿಯೇ ಸೇರಿರಲಿ. ಮಾಘ ಮಾಸದಲ್ಲಿ ಕಡಿಸಬೇಕೆಂದಿರುವವರು ವೃಕ್ಷಾಧಿಕಾರಿಗೆ ಅರ್ಜಿಯನ್ನು ಕಾರ್ತಿಕದಲ್ಲಿಯೇ ಕೊಡತಕ್ಕದ್ದು. ಅಧಿಕಾರಿಯು ಸ್ಥಳಕ್ಕೆ ಬಂದು ನೋಡುವ ದಿನ ಮನೆಯ ಯಜಮಾನನು ಪಹಣಿಯ ನಕಲನ್ನೂ, ಮರದ ವಾಲಿಕೆಯೂ ಮನೆಯೂ ಒಟ್ಟಿಗೆ ಕಾಣುವಂತೆ ತೆಗೆದ ಚಿತ್ರವನ್ನೂ ಸಿದ್ಧವಾಗಿಟ್ಟುಕೊಂಡಿದ್ದರೆ ಎರಡನೆಯ ಸಲ ಕಚೇರಿಗೆ ಅಲೆಯುವುದು ತಪ್ಪುವುದು.